ಆಯೆ-ಕೇತಾ: ಹುಡುಕಿದರೂ ಸುಲಭಕ್ಕೆ ಸಿಗದ 1973ರ ಆಲ್ಬಮ್

ನಮಸ್ಕಾರ. 1973ರಲ್ಲಿ ಐಲ್ಯಾಂಡ್ ರೆಕಾರ್ಡ್ಸ್ ಕಂಪನಿ ಒಂದು ಎಲ್‌ಪಿ ಹೊರತಂದಿತು. ಆಲ್ಬಮ್ ಹೆಸರು ಆಯೆ-ಕೇತಾ, ತಂಡದ ಹೆಸರು ಥರ್ಡ್ ವರ್ಲ್ಡ್. ತಂಡ ಅಂದರೆ ಮೂರೇ ಜನ: ಇಂಗ್ಲೆಂಡಿನ ಸ್ಟೀವ್ ವಿನ್‌ವುಡ್, ನೈಜೀರಿಯಾದ ರೆಮಿ ಕಬಾಕಾ, ನೈಜೀರಿಯಾದವರೇ ಆದ ಅಬ್ದುಲ್ ಲಸೀಸಿ ಅಮಾವೊ. ಆಫ್ರಿಕನ್ ತಾಳ, ಜಾಝ್, ರಾಕ್ ಮೂರೂ ಬೆರೆತ ರೆಕಾರ್ಡುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಇದರ ಬಗ್ಗೆ ಮಾತಾಡೋರು ಮಾತ್ರ ತೀರಾ ಕಡಿಮೆ.

[ಪರದೆಯಲ್ಲಿ: ಮೂವರ ಹೆಸರು, ಒಂದೇ ಗಾತ್ರದ ಅಕ್ಷರದಲ್ಲಿ]

ಮೊದಲು ವಿನ್‌ವುಡ್. ಬರ್ಮಿಂಗ್‌ಹ್ಯಾಮ್‌ನ ಹುಡುಗ. ಹದಿಹರೆಯದಲ್ಲೇ ಸ್ಪೆನ್ಸರ್ ಡೇವಿಸ್ ಗ್ರೂಪಿನಲ್ಲಿ ಹಾಡಿ ಹೆಸರು ಮಾಡಿದ. 1967ರಲ್ಲಿ ಟ್ರಾಫಿಕ್ ತಂಡ ಕಟ್ಟಿದ, 1969ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಮತ್ತು ಡ್ರಮ್ಮರ್ ಜಿಂಜರ್ ಬೇಕರ್ ಜೊತೆ ಬ್ಲೈಂಡ್ ಫೇತ್‌ನಲ್ಲಿದ್ದ. ಇವನ ಹೆಸರು ದೊಡ್ಡದಾಗಿ ಹಾಕಿದ್ದರೆ ರೆಕಾರ್ಡು ಖಂಡಿತ ಜಾಸ್ತಿ ಮಾರಾಟ ಆಗುತ್ತಿತ್ತು.

ಅಮಾವೊ ಸ್ಯಾಕ್ಸೊಫೋನ್ ಮತ್ತು ಕೊಳಲು ನುಡಿಸುವವರು. ಒಸಿಬಿಸಾ ಹೆಸರು ಕೇಳಿದ್ದೀರಾ? 1969ರಲ್ಲಿ ಲಂಡನ್ನಿನಲ್ಲಿ ಶುರುವಾದ, ಘಾನಾ, ನೈಜೀರಿಯಾ ಮತ್ತು ಕೆರಿಬಿಯನ್ ದ್ವೀಪಗಳ ಸಂಗೀತಗಾರರು ಸೇರಿದ ತಂಡ ಅದು. ಅವರ ಮೊದಲ ಆಲ್ಬಮ್ಮಿನ ಕವರ್ ಮೇಲೆ ಹಾರುವ ಆನೆಗಳಿವೆ. ಅಮಾವೊ ಆ ತಂಡದ ಮೊದಲ ಸಾಲಿನವರು.

ಕಬಾಕಾ ಡ್ರಮ್ಮರ್. 1970ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜಿಂಜರ್ ಬೇಕರ್ಸ್ ಏರ್ ಫೋರ್ಸ್ ಅನ್ನುವ ದೊಡ್ಡ ತಂಡ ನುಡಿಸಿತಲ್ಲ, ಆ ವೇದಿಕೆಯಲ್ಲಿ ವಿನ್‌ವುಡ್ ಮತ್ತು ಕಬಾಕಾ ಇಬ್ಬರೂ ಇದ್ದರು. ಅಂದರೆ ಆಯೆ-ಕೇತಾ ಮಾಡುವ ಹೊತ್ತಿಗೆ ಇವರು ಒಬ್ಬರಿಗೊಬ್ಬರು ಹೊಸಬರಲ್ಲ.

ಈ ಆಲ್ಬಮ್ ಯಾಕೆ ಬೇರೆ ಅಂತ ಹೇಳುತ್ತೇನೆ. ಆಗಿನ ಎಷ್ಟೋ ರಾಕ್ ರೆಕಾರ್ಡುಗಳಲ್ಲಿ ಹಾಡು ಮೊದಲೇ ಸಿದ್ಧ ಇರುತ್ತಿತ್ತು, ಆಮೇಲೆ ಒಬ್ಬ ಆಫ್ರಿಕನ್ ವಾದ್ಯಗಾರನನ್ನು ಕರೆದು ಮೇಲೆ ಸ್ವಲ್ಪ ಕಾಂಗಾ, ಅಂದರೆ ಕೈಯಲ್ಲಿ ಬಡಿಯುವ ಉದ್ದನೆಯ ಡ್ರಮ್, ಹಾಕಿಸುತ್ತಿದ್ದರು, ಒಗ್ಗರಣೆ ಹಾಕಿದ ಹಾಗೆ. ಇಲ್ಲಿ ತಾಳವೇ ಅಡಿಪಾಯ. ಸ್ಟಾರ್ ಆದ ವಿನ್‌ವುಡ್ ಗಿಟಾರ್, ಕೀಬೋರ್ಡ್, ಬೇಸ್ ಹಿಡಿದು ಆ ತಾಳದೊಳಗೆ ಜಾಗ ಹುಡುಕಿಕೊಳ್ಳುತ್ತಾನೆ. ಮೂವರಲ್ಲಿ ಒಬ್ಬನಾಗಿ ನುಡಿಸುತ್ತಾನೆ. ನನಗೆ ದೊಡ್ಡದಾಗಿ ಕಾಣುವುದು ಇದು.

[ಕ್ಯಾಮೆರಾ ಕೈಗಳ ಮೇಲೆ]

ಒಂದು ಕೆಲಸ ಮಾಡಿ. ಎಡಗೈಯಿಂದ ಮೇಜಿನ ಮೇಲೆ ನಿಧಾನಕ್ಕೆ ಎರಡು ಪೆಟ್ಟು ಹಾಕುತ್ತಾ ಇರಿ. ಅಷ್ಟೇ ಸಮಯದಲ್ಲಿ ಬಲಗೈಯಿಂದ ಸಮವಾಗಿ ಮೂರು. ಮೊದಲ ಪೆಟ್ಟು ಎರಡೂ ಕೈಗೆ ಒಟ್ಟಿಗೆ ಬೀಳಬೇಕು, ಉಳಿದವು ಬೇರೆ ಬೇರೆ ಜಾಗದಲ್ಲಿ. ಮೃದಂಗ ಕಲಿತು ತಿಶ್ರ, ಅಂದರೆ ಮೂರರ ನಡೆ, ಅಭ್ಯಾಸ ಆಗಿರುವವರಿಗೆ ಕೈ ಬೇಗ ಕೂರುತ್ತದೆ, ಉಳಿದವರಿಗೆ ಸ್ವಲ್ಪ ಹೊತ್ತು ಬೇಕು. ಕೂತ ಮೇಲೆ ಮಜಾ ನೋಡಿ. ಕಿವಿ ಒಂದು ಸಲ ಎರಡನ್ನು ಹಿಡಿಯುತ್ತದೆ, ಇನ್ನೊಂದು ಸಲ ಮೂರನ್ನು. ಯಾವುದು ಮುಖ್ಯ ಅಂತ ಹೇಳೋಕೇ ಆಗಲ್ಲ, ಅಲ್ವಾ? ಪಶ್ಚಿಮ ಆಫ್ರಿಕಾದ ತಾಳದ ಜೀವ ಇರುವುದು ಇಲ್ಲೇ. ರಾಕ್ ಡ್ರಮ್ಮಿನಲ್ಲಿ ಸಾಮಾನ್ಯವಾಗಿ ಎರಡನೇ ಮತ್ತು ನಾಲ್ಕನೇ ಪೆಟ್ಟು ಜೋರಾಗಿ ಬಿದ್ದು ಎಲ್ಲರನ್ನೂ ಒಂದೇ ದಾರಿಗೆ ಎಳೆಯುತ್ತದೆ. ಇಲ್ಲಿ ಎರಡು ದಾರಿ ಒಟ್ಟಿಗೆ ತೆರೆದಿರುತ್ತವೆ, ಗಿಟಾರ್ ನುಡಿಸುವವನು ಯಾವುದರಲ್ಲಿ ಹೋದರೂ ಸರಿ, ದಾರಿ ಬದಲಿಸಿದರೂ ಸರಿ.

ನೈಜೀರಿಯಾದ ಯೊರುಬಾ ಜನರ ಡುಂಡುನ್ ಡ್ರಮ್ ಇನ್ನೂ ಒಂದು ಹೆಜ್ಜೆ ಮುಂದೆ. ನಡು ಸಣ್ಣಗಿರುವ ಡ್ರಮ್, ಎರಡು ಬದಿಯ ಚರ್ಮವನ್ನು ಕಟ್ಟಿದ ದಾರಗಳು ಉದ್ದಕ್ಕೂ ಇರುತ್ತವೆ. ಕಂಕುಳಲ್ಲಿಟ್ಟು ಒತ್ತಿದರೆ ದಾರ ಬಿಗಿಯಾಗಿ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಯೊರುಬಾ ಭಾಷೆಯಲ್ಲಿ ಮೇಲು, ನಡು, ಕೆಳಗು ಅಂತ ಮೂರು ಸ್ವರಮಟ್ಟ ಇದ್ದು, ಮಟ್ಟ ಬದಲಾದರೆ ಅರ್ಥವೇ ಬದಲಾಗುತ್ತದೆ. ಹಾಗಾಗಿ ಈ ಡ್ರಮ್ ಗಾದೆ ಹೇಳಬಲ್ಲದು, ಎದುರು ಕೂತವರ ಮನೆತನ ಹೊಗಳಬಲ್ಲದು. ತಾಳ ಸುಮ್ನೆ ಹಿನ್ನೆಲೆಗೆ ಅಂತ ಅಂದುಕೊಳ್ಳದ ಇಂಥ ಪರಂಪರೆ ಆಯೆ-ಕೇತಾದ ಹಿಂದಿದೆ.

ಇಷ್ಟೆಲ್ಲ ಇದ್ದೂ ರೆಕಾರ್ಡು ಯಾಕೆ ಮರೆಯಾಯಿತು? ಒಂದು ಕಾರಣ ತಂಡದ ಹೆಸರು. ಅದೇ 1973ರಲ್ಲಿ ಜಮೈಕಾದಲ್ಲಿ ಥರ್ಡ್ ವರ್ಲ್ಡ್ ಅಂತಲೇ ಒಂದು ರೆಗೆ ತಂಡ ಹುಟ್ಟಿತು, ಮುಂದೆ ಅವರ ಆಲ್ಬಮ್‌ಗಳು ಬಂದದ್ದೂ ಐಲ್ಯಾಂಡ್‌ನಿಂದಲೇ! ಆ ತಂಡ ಪ್ರಸಿದ್ಧ ಆಯಿತು. ಇವತ್ತಿಗೂ ಬರೀ ತಂಡದ ಹೆಸರು ಹಾಕಿ ಹುಡುಕಿದರೆ ಸಿಗುವುದು ಅವರೇ. ಇನ್ನೊಂದು, ಐಲ್ಯಾಂಡ್‌ಗೆ ಅದೇ ವರ್ಷ ಬಾಬ್ ಮಾರ್ಲಿಯ ಕ್ಯಾಚ್ ಎ ಫೈರ್ ಇತ್ತು, ಟ್ರಾಫಿಕ್‌ನ ಹೊಸ ಆಲ್ಬಮ್ಮೂ ಇತ್ತು. ಅವುಗಳ ನಡುವೆ ಈ ಮೂವರ ರೆಕಾರ್ಡು ಯಾರ ಕಣ್ಣಿಗೆ ಬೀಳಬೇಕು?

ಕಬಾಕಾ ವಿಷಯದಲ್ಲಿ ನನಗೆ ನಿಜಕ್ಕೂ ಬೇಜಾರಿದೆ. ಅದೇ ವರ್ಷ ಬೀಟಲ್ಸ್ ಖ್ಯಾತಿಯ ಪಾಲ್ ಮೆಕಾರ್ಟ್ನಿ ತಮ್ಮ ತಂಡ ಕಟ್ಟಿಕೊಂಡು ನೈಜೀರಿಯಾದ ಲಾಗೋಸ್‌ಗೆ ಹೋಗಿ ಬ್ಯಾಂಡ್ ಆನ್ ದ ರನ್ ರೆಕಾರ್ಡ್ ಮಾಡಿದರು. ಆಫ್ರಿಕಾದ ಸಂಗೀತ ಕದಿಯೋಕೆ ಬಂದಿದ್ದಾರೆ ಅಂತ ಅಲ್ಲಿನ ಪ್ರಸಿದ್ಧ ಸಂಗೀತಗಾರ ಫೆಲಾ ಕುಟಿ ಸಿಟ್ಟಾದರು. ಆ ಆಲ್ಬಮ್ಮಿನ ಬ್ಲೂಬರ್ಡ್ ಹಾಡಿನಲ್ಲಿ ತಾಳವಾದ್ಯ ನುಡಿಸಿದ್ದು ಇದೇ ಕಬಾಕಾ, ಅದೂ ಲಂಡನ್ನಿನಲ್ಲಿ. ಕೋಟ್ಯಂತರ ಜನ ಅವರ ಕೈ ಕೇಳಿದ್ದಾರೆ, ಅವರ ಸ್ವಂತ ಆಲ್ಬಮ್ ಇದೆ ಅಂತ ಗೊತ್ತಿರುವವರು ಕೆಲವೇ ಜನ.

ಈಗ ಹುಡುಕುವ ದಾರಿ ಹೇಳುತ್ತೇನೆ. ತಂಡದ ಹೆಸರು ಬಿಡಿ, ಆಯೆ-ಕೇತಾ ಅಂತ ಹಾಕಿ, ಪಕ್ಕಕ್ಕೆ ವಿನ್‌ವುಡ್ ಅಥವಾ ಕಬಾಕಾ ಹೆಸರು ಸೇರಿಸಿ. ಅದರಲ್ಲಿ ಹ್ಯಾಪಿ ವೈಬ್ಸ್ ಅನ್ನುವ ಹಾಡನ್ನು ಮೊದಲು ಕೇಳಿ. ಮೊಬೈಲ್ ಸ್ಪೀಕರ್ ಬೇಡ, ಅದರಲ್ಲಿ ಬೇಸ್ ಕೇಳಿಸುವುದಿಲ್ಲ, ಇಯರ್‌ಫೋನ್ ಹಾಕಿ. ಒಂದು ಸಲ ಡ್ರಮ್ಮಿನ ಹಿಂದೆ ಹೋಗಿ, ಇನ್ನೊಂದು ಸಲ ಬೇಸ್ ಹಿಂದೆ. ಇಷ್ಟವಾದರೆ ಅಲ್ಲಿಂದ ಒಸಿಬಿಸಾದ 1971ರ ಮೊದಲ ಆಲ್ಬಮ್‌ಗೆ ಹೋಗಿ, ಆಮೇಲೆ ನೈಜೀರಿಯಾದ ನಿರ್ದೇಶಕ ಓಲಾ ಬಲೋಗುನ್ ಅವರ ಬ್ಲ್ಯಾಕ್ ಗಾಡೆಸ್ ಸಿನಿಮಾಕ್ಕೆ ಕಬಾಕಾ ಮಾಡಿದ ಸಂಗೀತಕ್ಕೆ.