ಚೇಳು ಕುಟುಕಿದರೆ ಮೊದಲು ಪಾದ ಮುಟ್ಟಿ ನೋಡಿ

ಚೇಳು ಕುಟುಕಿದ ಮನೆಯಲ್ಲಿ ಎಲ್ಲರ ಗಮನವೂ ನೋವಿನ ಮೇಲೇ. ಮಗು ಕಿರುಚಾಡಿದರೆ ಮನೆಯೆಲ್ಲ ಗಾಬರಿ. ಅಳು ನಿಂತು ಮಂಪರಿಗೆ ಜಾರಿದರೆ, 'ಸದ್ಯ, ಇಳೀತು ಕಣ್ರೀ' ಅಂತ ನಿಟ್ಟುಸಿರು. ಈ ಲೆಕ್ಕಾಚಾರವೇ ತಪ್ಪು ಅನ್ನೋದು ಇವತ್ತಿನ ನನ್ನ ವಾದ. ಕುಟುಕಿದ ಜಾಗ ಉರಿದು ಒದ್ದಾಡ್ತಿರೋ ದೊಡ್ಡವನು, ಮೈಗೆ ಬೇರೇನೂ ಆಗಿಲ್ಲ ಅಂದರೆ, ಸಾಮಾನ್ಯವಾಗಿ ಬೆಳಗಾಗೋ ಹೊತ್ತಿಗೆ ಸುಧಾರಿಸಿಕೊಳ್ತಾನೆ. ಇನ್ನೊಬ್ಬ ನೋವು ಅಷ್ಟೇನಿಲ್ಲ ಅಂತಾನೆ, ಆದರೆ ಅಂಗಿ ಹಿಂಡೋ ಹಾಗೆ ಬೆವರ್ತಿದಾನೆ, ಎರಡು ಸಲ ವಾಂತಿ ಆಗಿದೆ, ಪಾದ ಮುಟ್ಟಿದರೆ ಮಡಕೆ ನೀರಿನ ಹಾಗೆ ತಣ್ಣಗಿದೆ. ಎತ್ಕೊಂಡು ಓಡಬೇಕಾದ್ದು ಇವನನ್ನ.

ಕನಕಪುರ, ಮಾಗಡಿ, ನೆಲಮಂಗಲ, ದೊಡ್ಡಬಳ್ಳಾಪುರ, ಈ ಕಡೆಯೆಲ್ಲ ಈಗ ಬಂಡೆ ಕಲ್ಲಿನ ಜಾಗಕ್ಕೆ ಮನೆಗಳು ನುಗ್ಗಿವೆ. ಹಳೇ ಊರಿನವರಿಗೆ ಚೇಳು ಹೊಸದೇನಲ್ಲ. ವಾರಕ್ಕೊಂದು ಸಲ ತೋಟದ ಮನೆಗೆ ಬಂದು ಬೀಗ ತೆಗೆಯೋ ಬೆಂಗಳೂರಿನವರಿಗೆ ಮಾತ್ರ ಎಲ್ಲಾ ಚೇಳೂ ಒಂದೇ. ಒಂದೇ ಅಲ್ಲ. ಅಂಗೈ ಉದ್ದದ ಕರಿ ಚೇಳನ್ನ ನೋಡಿದರೆ ಎದೆ ಝಲ್ಲೆನ್ನುತ್ತೆ. ಏಡಿಯ ಕೊಂಬಿನಂಥ ದಪ್ಪ ಇಕ್ಕಳ, ಅದಕ್ಕೆ ಹೋಲಿಸಿದರೆ ಬಾಲ ಸಣ್ಣ. ಇದು ಕುಟುಕಿದರೆ ಬಹುತೇಕ ನೋವು, ಊತದಲ್ಲೇ ಮುಗಿಯುತ್ತೆ. ಹೆದರಬೇಕಾದ್ದು ಕೆಂಪು ಚೇಳಿಗೆ. ಬೆಳೆದದ್ದು 5ರಿಂದ 9 ಸೆಂಟಿಮೀಟರ್ ಅಷ್ಟೇ. ಇಕ್ಕಳ ಚಿಮುಟದ ಹಾಗೆ ತೆಳ್ಳಗೆ, ಬಾಲ ಮಾತ್ರ ಗಂಟು ಗಂಟಾಗಿ ದಪ್ಪ. ಬಣ್ಣ ನಂಬಬೇಡಿ. ಕೆಂಪು ಅಂತ ಹೆಸರಿದ್ದರೂ ಕಂದು, ಒಣಹುಲ್ಲಿನ ಹಳದಿ, ಹೇಗೆ ಬೇಕಾದರೂ ಇರಬಹುದು. ಇಕ್ಕಳ ತೆಳ್ಳಗೆ, ಬಾಲ ದಪ್ಪ ಅಂದರೆ ಅದೇ ಅಂತ ಲೆಕ್ಕ.

ಅದರ ವಿಷ ಮಾಡೋದು ಏನು? ನರಗಳಲ್ಲಿ ಸೋಡಿಯಂ ಒಳಗೆ ಬಿಡೋ ಬಾಗಿಲುಗಳಿವೆ. ಅವು ತೆರೆದರೆ ತಕ್ಷಣ ಮುಚ್ಚಬೇಕು. ಈ ವಿಷ ಅವನ್ನ ಮುಚ್ಚೋಕೆ ಬಿಡಲ್ಲ. ನರ ಸುಮ್ಮನಾಗೋದೇ ಇಲ್ಲ, ಅಡ್ರಿನಲಿನ್ ಥರದ ರಾಸಾಯನಿಕಗಳು ಒಮ್ಮೆಲೇ ರಕ್ತಕ್ಕೆ ಸುರೀತವೆ. ರಕ್ತನಾಳಗಳು ಬಿಗಿದುಕೊಳ್ತವೆ, ಅದಕ್ಕೇ ಕೈಕಾಲು ತಣ್ಣಗಾಗೋದು. ಬೋರ್‌ವೆಲ್ ಇರೋರಿಗೆ ಹೀಗೆ ಹೇಳಿದರೆ ಗೊತ್ತಾಗುತ್ತೆ: ತೋಟದ ಗೇಟ್‌ವಾಲ್ವ್ ಎಲ್ಲ ಮುಚ್ಚಿ ಮೋಟಾರ್ ಓಡಿಸಿದರೆ ಏನಾಗುತ್ತೆ? ಹೃದಯಕ್ಕೂ ಅದೇ ಆಗೋದು. ಬಿಪಿ ಏರುತ್ತೆ, ಹೃದಯ ದಣಿಯುತ್ತೆ, ಆಮೇಲೆ ಶ್ವಾಸಕೋಶಕ್ಕೆ ನೀರು ತುಂಬುತ್ತೆ. ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ ಬಂತು ಅಂದರೆ ತುಂಬಾ ತಡವಾಗಿದೆ ಅಂತ ಅರ್ಥ. ಗಂಡುಮಕ್ಕಳಲ್ಲಿ ಇನ್ನೊಂದು ಲಕ್ಷಣ ಇದೆ, ಶಿಶ್ನ ಕಾರಣವಿಲ್ಲದೆ ನಿಮಿರಿ ನಿಲ್ಲುತ್ತೆ. ಮನೆಯವರು ನಾಚಿಕೆಗೆ ಇದನ್ನ ಹೇಳಲ್ಲ. ದಯವಿಟ್ಟು ಹೇಳಿ, ವಿಷ ಮೈಗೆ ಏರಿದೆ ಅಂತ ಬೇಗ ತೋರಿಸಿಕೊಡೋ ಗುರುತುಗಳಲ್ಲಿ ಅದೂ ಒಂದು.

ಇದನ್ನೆಲ್ಲ ನಮ್ಮ ದೇಶದಲ್ಲಿ ಕೂತು ಗಮನಿಸಿ ಬರೆದವರು ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತ್‌ರಾವ್ ಬಾವಸ್ಕರ್. ಕೆಂಪು ಚೇಳಿನ ಕುಟುಕಿನಲ್ಲಿ ಹೃದಯಕ್ಕೆ ಅಪಾಯ ಬರೋ ಮುಂಚಿನ ಲಕ್ಷಣಗಳ ಬಗ್ಗೆ 1982ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1986ರಲ್ಲಿ ಅದೇ ಪತ್ರಿಕೆಯಲ್ಲಿ, ಹೆಂಡತಿ ಡಾ. ಪ್ರಮೋದಿನಿ ಜೊತೆ, ಪ್ರಜೋಸಿನ್ ಬಗ್ಗೆ. ಇದು ಬಿಪಿಗೆ ಕೊಡ್ತಿದ್ದ ಹಳೇ ಮಾತ್ರೆ, ಬಿಗಿದ ರಕ್ತನಾಳ ಸಡಿಲಿಸುತ್ತೆ. ಅಂದರೆ ಮುಚ್ಚಿದ ವಾಲ್ವ್ ತೆಗೀತದೆ. 2011ರಲ್ಲಿ ಬಿಎಂಜೆ ಅನ್ನೋ ಮತ್ತೊಂದು ವೈದ್ಯಕೀಯ ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಬಂತು: ಪ್ರಜೋಸಿನ್ ಮಾತ್ರ ಪಡೆದವರು ಚೇತರಿಸಿಕೊಳ್ಳೋಕೆ ಸರಾಸರಿ 17.7 ಗಂಟೆ, ಜೊತೆಗೆ ಚೇಳಿನ ಪ್ರತಿವಿಷವನ್ನೂ ಪಡೆದವರಿಗೆ 10 ಗಂಟೆ. 2022ರಲ್ಲಿ ಹಿಮ್ಮತ್‌ರಾವ್ ಅವರಿಗೆ ಪದ್ಮಶ್ರೀ ಬಂತು.

ಈಗ ಮಂತ್ರದ ವಿಷಯ. ಮಂತ್ರ ಹಾಕೋರ ಮೇಲೆ ನನಗೆ ಸಿಟ್ಟಿಲ್ಲ, ಅವರ ಗೆಲುವಿನ ಗುಟ್ಟು ಮಾತ್ರ ಹೇಳ್ತೀನಿ. ಕರಿ ಚೇಳಿನ ನೋವು ಕೆಲವು ಗಂಟೆಯಲ್ಲಿ ತಾನಾಗೇ ಇಳಿಯುತ್ತೆ. ಕೆಂಪು ಚೇಳೂ ಪ್ರತಿ ಸಲ ಪೂರ್ತಿ ವಿಷ ಬಿಡಲ್ಲ. ಬೇಟೆಗೆ ಬೇಕಾದ ಬಂಡವಾಳ ಅದು, ಜಿಪುಣತನದಿಂದಲೇ ಖರ್ಚು ಮಾಡುತ್ತೆ. ಹೀಗಿರುವಾಗ ಹುಣಸೆ ಬೀಜ ತೇದು ಅಂಟಿಸಿದರೂ, ಸುಣ್ಣ ಬಳಿದರೂ, ಈರುಳ್ಳಿ ಉಜ್ಜಿದರೂ, ಏನೂ ಮಾಡದೆ ಕೂತರೂ ಹೆಚ್ಚಿನವರು ಉಳೀತಾರೆ. ಹೆಸರು ಹುಣಸೆ ಬೀಜಕ್ಕೆ. ಉಳಿಯದವರ ಪಾಲಿಗೆ ಮಾತ್ರ ಆಸ್ಪತ್ರೆಗೆ ಓಡಬೇಕಾಗಿದ್ದ ಹೊತ್ತು ಹೋಯ್ತು. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಜನ ಕಾಣಿಕೆ ಹಾಕ್ತಾರೆ. ನಾಗರ ಪಂಚಮಿಗೆ ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ಕಲ್ಲೆತ್ತಿ ಚೇಳು ಹಿಡಿದು ಅಂಗೈ ಮೇಲೆ ಬಿಟ್ಟುಕೊಳ್ತಾರೆ. ಹರಕೆ ಹೊರಿ, ತಪ್ಪೇನಿಲ್ಲ. ಆಂಬುಲೆನ್ಸ್‌ನಲ್ಲಿ ಕೂತೇ ಹೊರಬಹುದು.

ಕುಟುಕಿದ ತಕ್ಷಣ ಮಾಡೋದು ಹೆಚ್ಚಿಲ್ಲ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಸೋಪು ನೀರಲ್ಲಿ ತೊಳೀರಿ. ಬಟ್ಟೆಯಲ್ಲಿ ಸುತ್ತಿದ ಐಸ್ 10 ನಿಮಿಷ ಇಟ್ಟು ತೆಗೆದು, ಸ್ವಲ್ಪ ಬಿಟ್ಟು ಮತ್ತೆ ಇಡಿ. ಐಸನ್ನ ನೇರವಾಗಿ ಚರ್ಮಕ್ಕೆ ಇಟ್ಟರೆ ಅದೇ ಇನ್ನೊಂದು ಗಾಯ. ಕೊಯ್ಯೋದು, ಬಾಯಲ್ಲಿ ಹೀರೋದು, ಹಗ್ಗದಲ್ಲಿ ಬಿಗಿಯೋದು, ಸೀಮೆಎಣ್ಣೆ ಸುರಿಯೋದು ಯಾವುದೂ ಬೇಡ. 'ನೋವು ಮರೀಲಿ' ಅಂತ ಎರಡು ಪೆಗ್ ಕೊಡೋರಿದ್ದಾರೆ, ಅದಂತೂ ಬೇಡವೇ ಬೇಡ. ಆಮೇಲೆ ಬೆವರು ವಿಷದ್ದೋ ಹೆಂಡದ್ದೋ ಅಂತ ಯಾರಿಗೂ ಗೊತ್ತಾಗಲ್ಲ. ಉಸಿರು ಕಷ್ಟ ಆದರೆ ಮಲಗಿಸಬೇಡಿ, ಒರಗಿಸಿ ಕೂರಿಸಿ. ಚೇಳಿನ ಫೋಟೋ ಸುಲಭಕ್ಕೆ ಸಿಕ್ಕರೆ ತೆಗೀರಿ, ಹುಡುಕ್ತಾ ಕೂರಬೇಡಿ. ಕುಟುಕಿದ ಸಮಯ ಬರೆದಿಡಿ.

ಮಕ್ಕಳು ಅಂದರೆ ಕಾಯೋ ಮಾತೇ ಇಲ್ಲ, ಲಕ್ಷಣ ಇರಲಿ ಬಿಡಲಿ ಹೊರಡಿ. ಅದೇ ಪ್ರಮಾಣದ ವಿಷ, ಮೈ ಮಾತ್ರ ಚಿಕ್ಕದು. ವಯಸ್ಸಾದವರು, ಗರ್ಭಿಣಿಯರು, ಹೃದಯದ ತೊಂದರೆ ಇರೋರೂ ಹಾಗೇ. ಗಟ್ಟಿಮುಟ್ಟಾದ ದೊಡ್ಡವರಿಗೆ ಕರಿ ಚೇಳು ಕುಟುಕಿದ್ದು ಖಚಿತವಾಗಿದ್ದರೆ ಮನೆಯಲ್ಲೇ ಗಮನಿಸಬಹುದು, ಆದರೆ ಗಮನಿಸೋದು ಅಂದರೆ ಗಮನಿಸೋದೇ: ಅರ್ಧ ಗಂಟೆಗೊಮ್ಮೆ ಪಾದ ಮುಟ್ಟಿ, ಹಣೆ ಒರೆಸಿ ನೋಡಿ, ನಾಡಿ ಎಣಿಸಿ. ಒಂದು ಕಾಲು ಮಾತ್ರ ತಣ್ಣಗಿದ್ದರೆ ಐಸ್ ಇಟ್ಟಿದ್ದಕ್ಕಿರಬಹುದು. ಎರಡೂ ಪಾದ, ಎರಡೂ ಅಂಗೈ ತಣ್ಣಗಾದರೆ 108ಕ್ಕೆ ಫೋನ್ ಮಾಡಿ. ಕೆಂಪು ಚೇಳು, ಅಥವಾ ಯಾವುದು ಅಂತ ಗೊತ್ತೇ ಇಲ್ಲ ಅಂದರೆ ಯಾರಾದರೂ ಆಗಲಿ ಆಸ್ಪತ್ರೆಗೇ. ಚೇಳು ಕುಟುಕಿದ ಗುರುತು ಎಷ್ಟೋ ಸಲ ಕಾಣೋದೇ ಇಲ್ಲ, ಊತವೂ ಇರಲ್ಲ. ರಾತ್ರಿ ಇದ್ದಕ್ಕಿದ್ದಂತೆ ಚೀರಿ ಎದ್ದ ಮಗು ಬೆವರಿ ವಾಂತಿ ಮಾಡಿದರೆ 'ಹೊಟ್ಟೆ ಕೆಟ್ಟಿರಬೇಕು' ಅನ್ನೋ ಮುಂಚೆ ಹಾಸಿಗೆ ಕೊಡವಿ ನೋಡಿ.

ಪ್ರಜೋಸಿನ್ ಮನೆಯಲ್ಲಿ ನುಂಗಿಸೋ ಮಾತ್ರೆ ಅಲ್ಲ. ಮಕ್ಕಳಿಗೆ ಒಂದು ಕಿಲೋ ತೂಕಕ್ಕೆ 30 ಮೈಕ್ರೋಗ್ರಾಂ ಲೆಕ್ಕ, ಕೈಕಾಲು ಬೆಚ್ಚಗಾಗೋವರೆಗೂ 3 ಗಂಟೆಗೊಮ್ಮೆ, ಜೊತೆಗೆ ಬಿಪಿ ನೋಡ್ತಿರಬೇಕು. ಮೊದಲ ಮಾತ್ರೆ ಆದಮೇಲೆ ಮಗುವನ್ನ ಎತ್ತಿ ನಿಲ್ಲಿಸಿದರೆ ಬಿಪಿ ಧಡಾರನೆ ಬೀಳಬಹುದು, ಅದಕ್ಕೇ ಮಲಗಿಸಿಯೇ ಇರ್ತಾರೆ. ನಿಧಾನವಾಗಿ ಕರಗೋ ಮಾತ್ರೆಯೂ ಇದೇ ಔಷಧದಲ್ಲಿದೆ, ಇಲ್ಲಿ ಬೇಕಾದ್ದು ಸಾದಾ ಮಾತ್ರೆ. ಹಾವಿನ ಪ್ರತಿವಿಷ ಚೇಳಿಗೆ ಕೆಲಸಕ್ಕೆ ಬರಲ್ಲ. ಕೆಂಪು ಚೇಳಿನ ಪ್ರತಿವಿಷವೇ ಬೇರೆ, ಮುಂಬೈನ ಹಾಫ್‌ಕಿನ್ ಸಂಸ್ಥೆ ತಯಾರಿಸುತ್ತೆ. ಸ್ಟೆರಾಯ್ಡ್, ಅಲರ್ಜಿ ಇಂಜೆಕ್ಷನ್ ಕೊಟ್ಟು 'ಹೋಗಿ, ಏನಿಲ್ಲ' ಅಂತ ಕಳಿಸಿದರೆ ಒಪ್ಪಬೇಡಿ, ಅದರಿಂದ ಈ ವಿಷಕ್ಕೆ ಪ್ರಯೋಜನ ಇಲ್ಲ. ಬರೀ ಸ್ಥಳೀಯ ನೋವಿಗಾದರೆ ಬೆರಳಿನ ಬುಡಕ್ಕೆ ಕೊಡೋ, ಜಾಗ ಮರಗಟ್ಟಿಸೋ ಲಿಗ್ನೊಕೇನ್ ಇಂಜೆಕ್ಷನ್ ಸೊಗಸಾಗಿ ಕೆಲಸ ಮಾಡುತ್ತೆ.

ಮನೆ ಕಡೆ ಬರೋಣ. ಚೇಳಿಗೆ ಸ್ಪ್ರೇ ಹೊಡೆಸೋದು ದುಡ್ಡು ಕೊಟ್ಟು ಜಗಳ ತಂದುಕೊಂಡ ಹಾಗೆ. ಮೈ ಮೇಲೆ ಮೇಣದ ಪದರ, ನಡೆಯೋದು ಕಾಲಿನ ತುದಿಯಲ್ಲಿ, ಹಗಲೆಲ್ಲ ಸಂದಿಯೊಳಗೆ. ನೆಲಕ್ಕೆ ಹೊಡೆದ ಔಷಧಿ ಅದಕ್ಕೆ ಅಂಟೋದೇ ಕಡಿಮೆ. ಸಂದಿಯೊಳಗೆ ಫಿನಾಯಿಲ್, ಸೀಮೆಎಣ್ಣೆ ಸುರಿದರೆ ಕೆರಳಿ ಹೊರಗೆ ಬರುತ್ತೆ, ಬರೋದು ನಿಮ್ಮ ಕಾಲ ಬುಡಕ್ಕೇ. ಕೋಳಿ ಸಾಕಿ ಅಂತ ಇನ್ನೊಂದು ಸಲಹೆ. ಕೋಳಿ ಚೇಳು ತಿನ್ನುತ್ತೆ ನಿಜ, ಆದರೆ ಚೇಳು ಹೊರಡೋ ಹೊತ್ತಿಗೆ ಕೋಳಿ ಗೂಡಲ್ಲಿ ನಿದ್ದೆ ಹೊಡೀತಿರುತ್ತೆ.

ಚೇಳಿಗೆ ಮನೆ ಹತ್ತಿರ ಬೇಕಾಗಿರೋದು ಎರಡೇ, ಹಗಲು ಅಡಗೋಕೆ ಸಂದಿ, ರಾತ್ರಿ ತಿನ್ನೋಕೆ ಹುಳ. ಮಿಕ್ಕ ಹಾಲೋ ಬ್ಲಾಕ್, ಹಳೇ ಹೆಂಚು, ತೆಂಗಿನ ಸಿಪ್ಪೆ, ಗರಿ, ಸೌದೆ, ಎಲ್ಲವನ್ನೂ ನಾವು ಜೋಡಿಸೋದು ಮನೆ ಗೋಡೆಗೆ ಒರಗಿಸಿಯೇ. ಹಾಲೋ ಬ್ಲಾಕ್ ರಾಶಿ ಅಂದರೆ ಚೇಳಿಗೆ ಅಪಾರ್ಟ್‌ಮೆಂಟ್ ಕಟ್ಟಿಕೊಟ್ಟ ಹಾಗೆ, ಕಲ್ಲಿನ ತಂಪು, ಕತ್ತಲೆ, ಒಂದೊಂದಕ್ಕೂ ಬೇರೆ ಕೋಣೆ. ಈ ರಾಶಿಗಳನ್ನ ಗೋಡೆಯಿಂದ ಕನಿಷ್ಠ ಹತ್ತು ಹೆಜ್ಜೆ ದೂರಕ್ಕೆ ಸಾಗಿಸಿ. ಸೌದೆಯನ್ನ ನೆಲದಿಂದ ಒಂದಡಿ ಮೇಲೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ಇಡಿ. ಸರಿಸುವಾಗ ದಪ್ಪ ಚರ್ಮದ ಕೈಗವಸು ಹಾಕಿ, ಬ್ಲಾಕನ್ನ ನಿಮ್ಮ ಕಡೆಗೆ ಎತ್ತದೆ ಆಚೆ ಕಡೆಗೆ ಉರುಳಿಸಿ. ತೂತಿಗೆ ಬೆರಳು ಹಾಕಿ ಎತ್ತೋದೇ ಕುಟುಕು ಬೀಳೋ ಸುಲಭ ದಾರಿ. ಬೇಸಿಗೆಯ ಕೊನೆಗೆ, ಮೊದಲ ಮಳೆಗೆ ಮುಂಚೆ ಈ ಕೆಲಸ ಮುಗಿಸಿ. ಬಿಲಕ್ಕೆ ನೀರು ನುಗ್ಗಿದ ರಾತ್ರಿ ಅವು ಒಣ ಜಾಗ ಹುಡುಕೋದು ನಿಮ್ಮ ಮನೆಯಲ್ಲೇ.

ಸಂದಿ ಪತ್ತೆಗೆ ಕತ್ತಲಾದ ಮೇಲೆ ಒಳಗೆ ಲೈಟ್ ಆರಿಸಿ, ಹೊರಗಿಂದ ಒಬ್ಬರು ಬಾಗಿಲ ಬುಡಕ್ಕೆ ಟಾರ್ಚ್ ಬಿಡಲಿ. ಬೆಳಕು ಬರೋ ಕಡೆ ನಾಲ್ಕು ಎಟಿಎಂ ಕಾರ್ಡ್ ಒಟ್ಟಿಗೆ ತೂರಿಸಿ ನೋಡಿ, ಸುಮಾರು 3 ಮಿಲಿಮೀಟರ್ ಆಗುತ್ತೆ. ತೂರಿದರೆ ಮರಿ ಚೇಳೂ ತೂರುತ್ತೆ. ಬಾಗಿಲಿಗೆ ಕೆಳಗಡೆ ರಬ್ಬರ್ ಪಟ್ಟಿ, ಬಚ್ಚಲಿನ ನೀರು ಹೋಗೋ ತೂತಿಗೆ ಸ್ಟೀಲ್ ಜಾಲರಿ, ಕಿಟಕಿ ಚೌಕಟ್ಟಿನ ಬಿರುಕಿಗೆ ಸಿಮೆಂಟ್ ಗಾರೆ. ಚೇಳು ಒರಟು ಗೋಡೆ ಹತ್ತುತ್ತೆ, ಗಾಜು, ನುಣುಪಾದ ಟೈಲ್ಸ್ ಹತ್ತಲಾರದು. ಹೊಸ ಮನೆ ಕಟ್ಟೋರು ಹೊರಗೋಡೆಯ ಬುಡಕ್ಕೆ ಒಂದು ಸಾಲು ಹೊಳಪಿನ ಟೈಲ್ಸ್ ಹಾಕಿಸಿ, ಸಂದುಗಳನ್ನ ನುಣ್ಣಗೆ ತುಂಬಿಸಿ. ಮಂಚದ ಕಾಲಿಗೆ ಗಾಜಿನ ಬಟ್ಟಲು, ಗೋಡೆಗೆ ಮಂಚಕ್ಕೆ ಒಂದು ಗೇಣು ಅಂತರ, ಹೊದಿಕೆ ನೆಲಕ್ಕೆ ತಾಗದ ಹಾಗೆ. ಬಾಗಿಲ ಮೇಲಿನ ಬಿಳಿ ಬಲ್ಬ್ ಕಿತ್ತು, ಹಳದಿ ಬಲ್ಬನ್ನ ಅಂಗಳದ ಕಂಬಕ್ಕೆ ಹಾಕಿ. ಹುಳ ಎಲ್ಲೋ, ಚೇಳು ಅಲ್ಲಿ.

ಖರ್ಚು ಮಾಡಲೇಬೇಕು ಅಂದರೆ ಒಂದು ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ತಗೊಳ್ಳಿ, 365 ನ್ಯಾನೋಮೀಟರ್ ಆದರೆ ಉತ್ತಮ, 395 ಆದರೂ ನಡೆಯುತ್ತೆ. ಚೇಳಿನ ಹೊರಚರ್ಮದಲ್ಲಿ ಈ ಬೆಳಕಿಗೆ ಹೊಳೆಯೋ ರಾಸಾಯನಿಕ ಇದೆ. ಚಂದ್ರ ಇಲ್ಲದ ರಾತ್ರಿ, ಎಂಟು ಗಂಟೆ ಮೇಲೆ, ಬೂಟು ಹಾಕಿ ಕಾಂಪೌಂಡ್ ಗೋಡೆ ಪಕ್ಕ ನಿಧಾನಕ್ಕೆ ನಡೀರಿ. ಬೂದು ಕಲ್ಲಿನ ನಡುವೆ ಹಸಿರು ರೇಡಿಯಂ ಸ್ಟಿಕರ್ ಅಂಟಿಸಿದ ಹಾಗೆ ಒಂದು ಆಕಾರ, ಇಕ್ಕಳ ಚಾಚಿ ಅಲುಗದೆ ನಿಂತಿರುತ್ತೆ. ಬೆನ್ನ ಮೇಲೆ ಬಿಳಿ ಮುದ್ದೆ ಕಂಡರೆ ಅದು ಮರಿಗಳು. ಮೊದಲ ಪೊರೆ ಬಿಡೋವರೆಗೂ ತಾಯಿ ಬೆನ್ನ ಮೇಲೇ ಇರ್ತವೆ, ಸರಿಯಾಗಿ ಹೊಳೆಯಲ್ಲ. ಒಂದಡಿ ಉದ್ದದ ಚಿಮುಟದಲ್ಲಿ ಬಾಲ ಹಿಡಿದು ಗಾಜಿನ ಬಾಟಲಿಗೆ ಹಾಕಿ. ಯಾವ ಗೋಡೆ ಹತ್ತಿರ ಎಷ್ಟು ಸಿಕ್ಕಿತು ಅಂತ ಬರೆದಿಟ್ಟರೆ ನಾಲ್ಕು ರಾತ್ರಿಯಲ್ಲಿ ಯಾವ ರಾಶಿ ತೆಗೀಬೇಕು ಅಂತ ಗೊತ್ತಾಗುತ್ತೆ.

ಇನ್ನೊಂದು ಕೆಲಸ ಹಗಲಲ್ಲೇ ಮಾಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಮೂರು ಪ್ರಶ್ನೆ ಕೇಳಿ: ಸಾದಾ ಪ್ರಜೋಸಿನ್ ಮಾತ್ರೆ ಇದೆಯಾ, ಚೇಳಿನ ಪ್ರತಿವಿಷ ಇದೆಯಾ, ಮಕ್ಕಳ ಐಸಿಯು ಇರೋದು ಎಲ್ಲಿ. ಉತ್ತರ 'ಇಲ್ಲ' ಅಂತ ಬಂದರೆ ಮುಂದಿನ ಆಸ್ಪತ್ರೆ ಯಾವುದು, ಅಲ್ಲಿಗೆ ರಾತ್ರಿ ಎಷ್ಟು ನಿಮಿಷ ಅಂತ ಬರೆದು ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿ.