‘ಹೆದರಬೇಡ’ ಅಂದರೆ ಕಾಲು ನಡುಗೋದು ನಿಲ್ಲಲ್ಲ

ಎಲ್ಲರಿಗೂ ನಮಸ್ಕಾರ. ವೇದಿಕೆ ಹತ್ತುವ ಮಕ್ಕಳಿಗೆ ನಾವೆಲ್ಲ ಒಂದು ಮಾತು ಹೇಳುತ್ತೇವೆ. ‘ಹೆದರಬೇಡ, ಧೈರ್ಯವಾಗಿ ಮಾತಾಡು.’ ಈ ಸಲಹೆಯನ್ನು ಬಿಟ್ಟುಬಿಡಬೇಕು ಅಂತ ನನ್ನ ಅಭಿಪ್ರಾಯ. ಹೇಳುವವರ ಪ್ರೀತಿ ದೊಡ್ಡದೇ. ಆದರೆ ಆ ಹೊತ್ತಿಗೆ ಹೆದರಿಕೆ ಮೈಗೆ ಇಳಿದಿರುತ್ತದೆ. ಬುದ್ಧಿಮಾತು ಅಲ್ಲಿಗೆ ಮುಟ್ಟುವುದಿಲ್ಲ.

ಶಿರಾ, ಪಾವಗಡ, ಮಧುಗಿರಿ ಕಡೆಯಿಂದ ಓದೋಕೆ ತುಮಕೂರಿಗೆ ಬರುವ ಮಕ್ಕಳನ್ನು ನೋಡಿ. ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ ಒಂದೇ ಸಮ ಮಾತಾಡುವ ಹುಡುಗಿ, ಸೆಮಿನಾರ್ ದಿನ ತನ್ನ ಹೆಸರು ಹೇಳೋಕೂ ತಡವರಿಸುತ್ತಾಳೆ. ಅವಳಿಗೆ ಮಾತು ಬರಲ್ಲ ಅಂತ ಹೇಗೆ ಹೇಳೋದು? ಅವಳ ರಕ್ತಕ್ಕೆ ಅಡ್ರಿನಲಿನ್ ಅನ್ನೋ, ಹೆದರಿದಾಗ ಮೈಯಲ್ಲಿ ಹೆಚ್ಚುವ ಹಾರ್ಮೋನ್ ಸೇರಿದೆ. ಎದೆ ಜೋರಾಗಿ ಬಡಿಯುತ್ತಿದೆ. ಚರ್ಮದ ಹತ್ತಿರದ ರಕ್ತನಾಳಗಳು ಬಿಗಿದಿವೆ, ಅದಕ್ಕೇ ಬೆರಳು ತಣ್ಣಗಾಗಿವೆ. ಜೊಲ್ಲು ಕಡಿಮೆಯಾಗಿ ನಾಲಿಗೆ ಅಂಟುತ್ತಿದೆ. ಕಾಲು ಓಡೋಕೆ ತಯಾರಾಗಿದೆ, ಆದರೆ ಓಡುವ ಹಾಗಿಲ್ಲ. ನಡುಗದೆ ಇನ್ನೇನು ಮಾಡೀತು? ಇದನ್ನು ಹೇಡಿತನ ಅನ್ನಬೇಡಿ, ದಯವಿಟ್ಟು.

ಇನ್ನೊಂದು ಸಲಹೆ ಇದೆ. ‘ಜೋರಾಗಿ ಉಸಿರು ಎಳ್ಕೋ.’ ಇದು ಅರ್ಧ ಮಾತ್ರ ಸರಿ. ಉಸಿರು ಎಳೆದಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಡುವಾಗ ಇಳಿಯುತ್ತದೆ. ಇಳಿಸುವ ಕೆಲಸ ವೇಗಸ್ ಅನ್ನೋ ನರದ್ದು. ಮಕ್ಕಳು ಏನು ಮಾಡುತ್ತಾರೆ? ಎದೆ ತುಂಬ ಉಸಿರು ಎಳೆದು, ಹಾಗೇ ಹಿಡಿದುಕೊಂಡು ಮಾತು ಶುರು ಮಾಡುತ್ತಾರೆ. ಮೊದಲು ನಿಧಾನವಾಗಿ ಹೊರಗೆ ಬಿಡಬೇಕು. ಎಳೆದುಕೊಳ್ಳುವುದು ತಾನಾಗೇ ಆಗುತ್ತದೆ.

ಎಫ್. ಎಂ. ಅಲೆಕ್ಸಾಂಡರ್ ಅಂತ ಒಬ್ಬ ನಟ ಇದ್ದ. 1869ರಲ್ಲಿ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಹುಟ್ಟಿದವನು. ವೇದಿಕೆ ಮೇಲೆ ಅವನ ದನಿ ಕಟ್ಟುತ್ತಿತ್ತು. ಡಾಕ್ಟರ್ ಹೇಳಿದಂತೆ ದನಿಗೆ ವಿಶ್ರಾಂತಿ ಕೊಟ್ಟರೂ ಮತ್ತೆ ಅದೇ ಕಥೆ. ಕೊನೆಗೆ ಕನ್ನಡಿ ಮುಂದೆ ನಿಂತು ಮಾತಾಡಿ ನೋಡಿದ. ಬಾಯಿ ತೆರೆಯುವಾಗಲೇ ತಲೆಯನ್ನು ಹಿಂದಕ್ಕೆ ಎಳೆದು, ಗಂಟಲು ಅದುಮಿ, ಬಾಯಿಂದ ಗಾಳಿ ಎಳೆಯುತ್ತಿದ್ದ! ಇಷ್ಟು ದಿನ ಅದು ಅವನಿಗೇ ಗೊತ್ತಿರಲಿಲ್ಲ.

ಮಾತಿಗೂ ಮೈಗೂ ಇರುವ ಈ ನಂಟು ನೋಡೋಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು. ಈಗಲೂ ನಮ್ಮ ಹಳ್ಳಿಗಳಲ್ಲಿ ರಾತ್ರಿಯೆಲ್ಲ ಪೌರಾಣಿಕ ನಾಟಕ ಆಡುತ್ತಾರೆ. ಹಗಲು ಹೊಲದಲ್ಲಿದ್ದವರು ರಾತ್ರಿ ಭೀಮ, ದುರ್ಯೋಧನ ಆಗುತ್ತಾರೆ. ಗ್ರಾಮಸಭೆಯಲ್ಲಿ ಎದ್ದು ಒಂದು ಮಾತು ಕೇಳದ ಮನುಷ್ಯ, ಇಡೀ ಊರಿನ ಮುಂದೆ ಕಂದಪದ್ಯ ಹಾಡಿ ಗರ್ಜಿಸುತ್ತಾನೆ. ಹೇಗೆ? ಹಾರ್ಮೋನಿಯಂ ಮೇಷ್ಟ್ರು ಅವನಿಗೆ ಬರೀ ಮಾತು ಬಾಯಿಪಾಠ ಮಾಡಿಸಿರಲ್ಲ. ಗದೆ ಯಾವ ಹೆಗಲಿಗೆ, ಕಾಲು ಎಷ್ಟು ಅಗಲ, ಯಾವ ಮಾತಿಗೆ ಎಷ್ಟು ಹೆಜ್ಜೆ, ಎಲ್ಲಿ ಉಸಿರು, ಎಲ್ಲವನ್ನೂ ಮಾಡಿಸಿರುತ್ತಾರೆ. ಗ್ರಾಮಸಭೆಗೆ ಹಾಗೆ ಯಾರೂ ಅವನನ್ನು ನಿಲ್ಲಿಸಿ ಕಲಿಸಿಲ್ಲ, ಅಷ್ಟೇ.

‘ಎದೆ ಉಬ್ಬಿಸಿ ನಿಂತರೆ ಹಾರ್ಮೋನೇ ಬದಲಾಗುತ್ತದೆ’ ಅಂತ ಹೇಳುವ ವಿಡಿಯೋಗಳನ್ನು ಮಾತ್ರ ನಂಬಬೇಡಿ. ಹಾಗೆ ಹೇಳಿದ್ದ 2010ರ ಸಂಶೋಧನೆಯನ್ನು ಜಾಸ್ತಿ ಜನರ ಮೇಲೆ ಮತ್ತೆ ಮಾಡಿದಾಗ ಹಾರ್ಮೋನ್ ಬದಲಾಗಲಿಲ್ಲ. ನಾನು ಹೇಳುತ್ತಿರುವುದು ಠೀವಿ ತೋರಿಸುವುದನ್ನಲ್ಲ. ನಿಮ್ಮ ಮೈ ಈಗ ಎಲ್ಲಿ ಬಿಗಿದಿದೆ ಅಂತ ಗಮನಿಸುವುದನ್ನು. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿವೆಯಾ? ಮಂಡಿ ಸೆಟೆದಿದೆಯಾ? ಹಲ್ಲು ಕಚ್ಚಿದ್ದೀರಾ? ಹೆಗಲು ಕಿವಿ ಹತ್ತಿರ ಹೋಗಿದೆಯಾ? ಒಂದೊಂದನ್ನೇ ಸಡಿಲ ಬಿಡಿ. ಎದೆಬಡಿತ ಪೂರ್ತಿ ಇಳಿಯದಿದ್ದರೂ ಪರವಾಗಿಲ್ಲ, ಮಾತು ಶುರು ಮಾಡಿ.

ನಡುಕ ಎಲ್ಲರಿಗೂ ಕಾಣುತ್ತಿದೆ ಅಂತ ಅನ್ನಿಸುತ್ತದೆ ಅಲ್ವಾ? ಸಾವಿಟ್ಸ್‌ಕಿ ಮತ್ತು ಗಿಲೋವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಇದನ್ನೇ ಪರೀಕ್ಷಿಸಿದರು. ಮಾತಾಡುವವರು ಅಂದುಕೊಂಡಷ್ಟು ಗಾಬರಿ ಕೇಳುವವರಿಗೆ ಕಂಡಿರಲಿಲ್ಲ. ಈ ವಿಷಯವನ್ನು ಮೊದಲೇ ತಿಳಿಸಿದಾಗ ಭಾಷಣವೂ ಚೆನ್ನಾಗಿ ಬಂತು.

ಹೆದರಿಕೆಯಿಂದ ಕಾಲೇಜಿಗೇ ಹೋಗದಂತಾಗಿದ್ದರೆ ಇಷ್ಟು ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಕೋರಿಕೆ. ಭಾಷಣ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವಾಗ ಹಾಳೆ ಕೊಟ್ಟು ಕೂರಿಸಬೇಡಿ. ಖಾಲಿ ಸಭಾಂಗಣಕ್ಕೆ ಕರೆದುಕೊಂಡು ಹೋಗಿ. ಮೈಕ್ ಹತ್ತಿರ ಸುಮ್ನೆ ನಿಲ್ಲಿಸಿ. ನಿಂತು ಅಭ್ಯಾಸವಾದ ಮೇಲೆ ಮಾತು ಕಲಿಸಿ.