ಮೂರು ವಿಮಾನ ಬೇಡ, ಒಂದು ಕಾರು ಸಾಕು

ನನ್ನ ಕೈಯಲ್ಲಿ ಒಂದು ಹಾಳೆ ಇದೆ. ದಕ್ಷಿಣ ಆಫ್ರಿಕಾ, 9 ದಿನ, 8 ರಾತ್ರಿ. ಟೂರ್ ಮಾಡಿಸುವವರೊಬ್ಬರು ಕೊಟ್ಟಿದ್ದು, ಹೆಸರು ಬೇಡ ಬಿಡಿ. ಓದುತ್ತೇನೆ, ಕೇಳಿ. ಮೊದಲ ದಿನ ಜೋಹಾನ್ಸ್‌ಬರ್ಗ್. ಎರಡನೇ ದಿನ ನಸುಕಿನಲ್ಲಿ ಎದ್ದು ಕ್ರೂಗರ್ ಕಾಡು. ನಾಲ್ಕನೇ ದಿನ ವಿಮಾನ ಹತ್ತಿ ಕೇಪ್ ಟೌನ್. ಐದನೇ ದಿನ ಬೆಳಿಗ್ಗೆ ಪೆಂಗ್ವಿನ್, ಮಧ್ಯಾಹ್ನ ವೈನ್, ಸಂಜೆ ಶಾಪಿಂಗ್. ಆರನೇ ದಿನ ಮತ್ತೆ ವಿಮಾನ. ನಮ್ಮಪ್ಪ ಕನ್ನಡಕ ಹಣೆ ಮೇಲೆ ಏರಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು: "ತಮ್ಮಾ, ಇದರಾಗ ಕುಂದ್ರೂದು ಯಾವಾಗ?"

ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೂ ಕಾಯಿಸಲ್ಲ. ಸಮುದ್ರ, ದ್ರಾಕ್ಷಿ ಸೀಮೆ, ಕಾಡುಪ್ರಾಣಿ, ಮೂರೂ ಒಂದೇ ಪ್ರವಾಸದಲ್ಲಿ ಬೇಕು, ಅದೂ ಕಾರು ನಾವೇ ಓಡಿಸಿಕೊಂಡು ಅಂದರೆ, ಕ್ರೂಗರ್ ಬಿಡಿ. ಹೌದು, ದಕ್ಷಿಣ ಆಫ್ರಿಕಾ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಆ ಕ್ರೂಗರನ್ನೇ.

ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದು. ಹೋದ ವರ್ಷ ನಾನೇ ಇಂಥದೊಂದು ಹಾಳೆ ಬರೆದಿದ್ದೆ. ವಿಜಯಪುರದಿಂದ ದಾಂಡೇಲಿ, ಅಲ್ಲಿಂದ ಅಣಶಿ ಘಾಟಿ ಇಳಿದು ಕಾರವಾರ, ಗೋಕರ್ಣ, ವಾಪಸ್. ಮೂರು ದಿನ. ಹಾಳೆಯಲ್ಲಿ ಎಷ್ಟು ಚೆಂದ ಕಾಣುತ್ತಿತ್ತು! ಬೆಳಿಗ್ಗೆ ಐದಕ್ಕೆ ಬಿಡೋದು ಅಂತ ಇತ್ತು, ಅವ್ವ ರೊಟ್ಟಿ ಕಟ್ಟಿ ಮುಗಿಸುವಷ್ಟರಲ್ಲಿ ಆರೂವರೆ. ಹುಬ್ಬಳ್ಳಿಯಲ್ಲಿ ಚಹಾ, ಮುಂದೆ ಒಂದು ಕಡೆ ರಸ್ತೆ ಕೆಲಸ, ಊಟಕ್ಕೆ ಒಂದು ತಾಸು, ದಾಂಡೇಲಿ ಮುಟ್ಟುವಷ್ಟರಲ್ಲಿ ಸಫಾರಿ ಜೀಪ್ ಹೋಗಿಬಿಟ್ಟಿತ್ತು. ಮರುದಿನ ಘಾಟಿಯ ತಿರುವಿನಲ್ಲಿ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಗೋಕರ್ಣದ ಸಮುದ್ರ ನಾವು ನೋಡಿದ್ದು ರಾತ್ರಿ ಎಂಟಕ್ಕೆ. ನೋಡಿದ್ದು ಅಂದರೆ ಏನು, ಬರೀ ಸದ್ದು ಕೇಳಿದ್ದು. ವಾಪಸ್ ಬರುವಾಗ ಕೊಲ್ಹಾರ ಸೇತುವೆ ದಾಟಿದ ಮೇಲೆ ಕತ್ತಲಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಒಂದು ಕೆಂಪು ದೀಪ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ನಾನು ಬ್ರೇಕ್ ಮೇಲೆ ನಿಂತೇಬಿಟ್ಟೆ. ಕಾರಿನಲ್ಲಿ ಮನೆ ಮುಟ್ಟುವವರೆಗೂ ಯಾರೂ ಮಾತಾಡಲಿಲ್ಲ.

ಹಾಗಾಗಿ ಈ ಸಲ ಊರಿನ ಹೆಸರು ಬರೆಯುವ ಮೊದಲು ತಾಸು ಬರೆದೆ. ದಿನಕ್ಕೆ ಸ್ಟಿಯರಿಂಗ್ ಹಿಂದೆ ಎಷ್ಟು ತಾಸು ಅಂತ. ಮೂರು, ಒಂದೆರಡು ದಿನ ಜಾಸ್ತಿ ಅಂದರೆ ಐದು. ಇದಕ್ಕೆ ಹೊಂದದ್ದೆಲ್ಲ ಔಟ್.

ಕ್ರೂಗರ್ ಔಟ್ ಆಗಿದ್ದು ಹೀಗೆ. ಕಾಡು ಏನೂ ಸಣ್ಣದಲ್ಲ, 19,000 ಚದರ ಕಿ.ಮೀ. ಮೇಲಿದೆ. ಸಿಂಹ, ಚಿರತೆ ಕಾಣಲೇಬೇಕು ಅನ್ನುವವರಿಗೆ ಅದೇ ಸರಿ. ಆದರೆ ಅದು ದೇಶದ ಈಶಾನ್ಯ ಮೂಲೆಯಲ್ಲಿ, ಕೇಪ್ ಟೌನ್‌ನಿಂದ 1,700 ಕಿ.ಮೀ.ಗಿಂತ ದೂರ. ಕಾರಿನಲ್ಲಿ ಹೋದರೆ ಎರಡು ದಿನ ದಾರಿಯಲ್ಲೇ ಮುಗಿಯುತ್ತವೆ, ವಿಮಾನದಲ್ಲಿ ಹೋದರೆ ಕಾರು ಬಿಟ್ಟು ಮತ್ತೊಂದು ಕಾರು ಹಿಡಿಯಬೇಕು. ಮೇಲಾಗಿ ಮಲೇರಿಯಾ ಇರುವ ಸೀಮೆ ಅದು, ಮಗು ಮತ್ತು ಎಪ್ಪತ್ತು ದಾಟಿದ ಅಪ್ಪ ಇಬ್ಬರಿಗೂ ಮಾತ್ರೆ ಶುರು ಮಾಡಬೇಕು.

ಅದರ ಬದಲು ಅಡ್ಡೋ ಅನ್ನುವ ಆನೆ ಕಾಡು. ಕೇಪ್ ಟೌನ್‌ನಿಂದ ಪೂರ್ವಕ್ಕೆ ಎನ್2 ಅಂತ ಒಂದು ಹೆದ್ದಾರಿ ಹೋಗುತ್ತದೆ, ಗೆಬೆರ್ಹಾವರೆಗೆ ಸುಮಾರು 750 ಕಿ.ಮೀ. ನೀವು ಪೋರ್ಟ್ ಎಲಿಜಬೆತ್ ಅಂತ ಕ್ರಿಕೆಟ್‌ನಲ್ಲಿ ಕೇಳಿದ್ದೀರಲ್ಲ, ಅದೇ ಊರು, 2021ರಲ್ಲಿ ಹೆಸರು ಬದಲಾಯಿತು. ಹೊಸ ಹೆಸರಿನ ಮೊದಲ ಅಕ್ಷರವನ್ನು ನಾಲಿಗೆ ಚಟ್ ಅನ್ನಿಸಿ ಹೇಳಬೇಕಂತೆ. ಮಗಳು ಕಲಿತಿದ್ದಾಳೆ, ನನಗೆ ಬರಲ್ಲ. ದ್ರಾಕ್ಷಿ ಸೀಮೆ ಈ ದಾರಿಯ ಶುರುವಿನಲ್ಲಿ, ಸಮುದ್ರ ನಡುವೆ, ಆನೆ ಕಾಡು ಕೊನೆಯಲ್ಲಿ. ಒಂದೇ ರಸ್ತೆ, ಒಂದೇ ಕಾರು. ಅಡ್ಡೋದಲ್ಲಿ ಮಲೇರಿಯಾ ಕಾಟವೂ ಇಲ್ಲ.

ಅಡ್ಡೋ ಕಥೆ ಓದಿದಾಗ ನನಗೆ ನಮ್ಮೂರ ರೈತರೇ ನೆನಪಾದರು. ಅಲ್ಲಿ ಆನೆಗಳು ಬೆಳೆಗೆ ನುಗ್ಗುತ್ತಿದ್ದವು. ರೈತರ ಒತ್ತಾಯಕ್ಕೆ ಸರ್ಕಾರ ಬೇಟೆಗಾರನನ್ನು ಇಟ್ಟು 1919-20ರಲ್ಲಿ ನೂರಕ್ಕೂ ಹೆಚ್ಚು ಆನೆಗಳನ್ನು ಕೊಲ್ಲಿಸಿತು. 1931ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಮಾಡಿದಾಗ ಉಳಿದಿದ್ದು ಬರೀ 11. ಆ ಹನ್ನೊಂದನ್ನು ಒಳಗೇ ಹಿಡಿದಿಡಬೇಕಲ್ಲ, ಅದಕ್ಕೆ ಕಿತ್ತಳೆ ಹಣ್ಣು ತಂದು ಸುರಿಯುತ್ತಿದ್ದರು. ಆನೆಗಳಿಗೆ ಅದರ ಹುಚ್ಚೇ ಹಿಡಿಯಿತು. ಕೊನೆಗೆ 1954ರಲ್ಲಿ ಟ್ರಾಮ್ ಹಳಿ ಮತ್ತು ಲಿಫ್ಟ್‌ನ ಕೇಬಲ್ ಹಾಕಿ ಬೇಲಿ ಕಟ್ಟಿದರು, ಆಗ ನಿಂತವು. ಇವತ್ತು 600ಕ್ಕೂ ಹೆಚ್ಚಿವೆ. ಇವತ್ತಿಗೂ ಕಾರಿನಲ್ಲಿ ಕಿತ್ತಳೆ, ನಿಂಬೆ ಏನೂ ಇಟ್ಟುಕೊಂಡು ಒಳಗೆ ಹೋಗುವಂತಿಲ್ಲ. ಅವ್ವ ವಿಮಾನ ಹತ್ತಲ್ಲ ಅಂತ ಹಟ ಹಿಡಿದಿದ್ದಾಳೆ, ಆದರೆ ಅವಳು ಕಟ್ಟಿಕೊಡುವ ನಿಂಬೆಕಾಯಿ ಉಪ್ಪಿನಕಾಯಿ ಬಗ್ಗೆ ಗೇಟಿನಲ್ಲಿ ಏನು ಹೇಳೋದು ಅಂತ ನನ್ನ ಹೆಂಡತಿಗೆ ಈಗಲೇ ಚಿಂತೆ.

ಇನ್ನೊಂದು ವಿಷಯ. ಅಡ್ಡೋದಲ್ಲಿ ಜೀಪಿಗೆ ಕಾಯುವ ಕೆಲಸವೇ ಇಲ್ಲ. ನಮ್ಮ ಬಾಡಿಗೆ ಕಾರಿನಲ್ಲೇ ಒಳಗೆ ಹೋಗಬಹುದು. ಗಂಟೆಗೆ 40 ಕಿ.ಮೀ. ಮಿತಿ. ಹೇಳಿದ ಜಾಗ ಬಿಟ್ಟು ಬೇರೆಲ್ಲೂ ಇಳಿಯುವಂತಿಲ್ಲ, ಯಾಕೆಂದರೆ 2003ರಲ್ಲಿ ಸಿಂಹಗಳನ್ನೂ ತಂದು ಬಿಟ್ಟಿದ್ದಾರೆ. ರಸ್ತೆಯಲ್ಲಿ ಒಂದು ಬೋರ್ಡ್ ಇದೆ, ಸಗಣಿ ಹುಳುವಿಗೆ ದಾರಿ ಬಿಡಿ ಅಂತ. ತಮಾಷೆ ಅಲ್ಲ. ಆನೆ ಲದ್ದಿಯ ಉಂಡೆ ಉರುಳಿಸಿಕೊಂಡು ಹೋಗುವ, ಹಾರಲು ಬಾರದ ಹುಳು ಅಲ್ಲಿದೆ. ಅದು ರಸ್ತೆ ದಾಟುವಾಗ ಕಾರು ನಿಲ್ಲಿಸಬೇಕು, ಲದ್ದಿ ಮೇಲೆ ಚಕ್ರ ಹತ್ತಿಸಬಾರದು. ನಮ್ಮ ಹೊಲದಲ್ಲೂ ಮಳೆ ಬಿದ್ದ ಮೇಲೆ ಸಗಣಿ ಹುಳು ಹಿಂಗಾಲಿನಿಂದ ಉಂಡೆ ತಳ್ಳುತ್ತಾ ಹಿಂದಕ್ಕೆ ನಡೆಯುವುದನ್ನು ನೋಡಿದ್ದೇವಲ್ಲ, ಅಲ್ವಾ? ಅಪ್ಪನಿಗೆ ಸಿಂಹದ ವಿಡಿಯೋ ತೋರಿಸಿದೆ, ಸುಮ್ನೆ ನೋಡಿದರು. ಈ ಬೋರ್ಡಿನ ಫೋಟೋ ತೋರಿಸಿದೆ, ಫೋನ್ ಕೈಗೆ ತೆಗೆದುಕೊಂಡರು.

ಈಗ ಯಾವಾಗ ಹೋಗೋದು? ಇಲ್ಲಿ ನಮ್ಮ ಮನೆಯ ಕಷ್ಟ ಇದೆ. ತಿಕೋಟಾ ಹತ್ತಿರ ನಮ್ಮದು ದ್ರಾಕ್ಷಿ, ಒಣದ್ರಾಕ್ಷಿ ಮಾಡುತ್ತೇವೆ. ಫೆಬ್ರವರಿಯಿಂದ ಏಪ್ರಿಲ್ ಕಟಾವು ಮತ್ತು ಶೆಡ್ಡಿನ ಕೆಲಸ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಅಂದರೆ ಕಡ್ಡಿ ಕತ್ತರಿಸೋದು, ಅಕ್ಟೋಬರ್‌ನಲ್ಲಿ ಇನ್ನೊಂದು. ಅಕ್ಟೋಬರ್ ಚಾಟ್ನಿ ಬಿಟ್ಟು ಅಪ್ಪ ಸ್ವರ್ಗಕ್ಕೂ ಬರಲ್ಲ. ಉಳಿಯೋದು ಆಗಸ್ಟ್ ಕೊನೆ, ಸೆಪ್ಟೆಂಬರ್. ಅದೃಷ್ಟ ನೋಡಿ, ಅಲ್ಲಿ ಅದೇ ವಸಂತ. ಕೇಪ್ ಸೀಮೆಯಲ್ಲಿ ಮಳೆ ಬರೋದು ಜೂನ್‌ನಿಂದ ಆಗಸ್ಟ್ ಚಳಿಗಾಲದಲ್ಲಿ, ಅದು ಇಳಿಯುತ್ತಾ ಬಂದಿರುತ್ತದೆ. ಹರ್ಮಾನಸ್ ಅನ್ನುವ ಊರಿನಲ್ಲಿ ದಡಕ್ಕೆ ಹತ್ತಿರವೇ ತಿಮಿಂಗಿಲ ಬಂದು ಮರಿ ಹಾಕುವ ಕಾಲವೂ ಅದೇ. ಬೋಟ್ ಹತ್ತಬೇಕಿಲ್ಲ, ಬಂಡೆ ಮೇಲಿನ ಕಾಲುದಾರಿಯಲ್ಲಿ ನಿಂತರೂ ಕಾಣುತ್ತವೆ. ಶಾಲೆ ರಜೆ ನೋಡಿ ಮೇ ತಿಂಗಳಲ್ಲಿ ಹೋಗುವವರಿಗೆ ಒಂದು ಮಾತು. ಅಲ್ಲಿ ಆಗ ಚಳಿಗಾಲ ಶುರು. ಹತ್ತಿ ಅಂಗಿ ತುಂಬಿಕೊಂಡು ಹೋಗಿ ಮಳೆಯಲ್ಲಿ ನಡುಗಬೇಡಿ.

ಸೆಪ್ಟೆಂಬರ್‌ನಲ್ಲಿ ಒಂದೇ ತೊಂದರೆ, ದ್ರಾಕ್ಷಿ ಸೀಮೆಗೆ ಹೋಗಿ ಒಂದು ದ್ರಾಕ್ಷಿ ಹಣ್ಣೂ ಕಾಣಲ್ಲ. ಭೂಮಿಯ ಆ ಕಡೆ ಇದ್ದರೂ ಅವರ ಕಟಾವು ಕೂಡ ಫೆಬ್ರವರಿ, ಮಾರ್ಚ್ ಹೊತ್ತಿಗೇ. ಅವರಿಗೆ ಅದು ಬೇಸಿಗೆ ಕೊನೆ, ನಮಗೆ ಬೇಸಿಗೆ ಶುರು, ಕತ್ತರಿ ಮಾತ್ರ ಒಂದೇ ಕಾಲಕ್ಕೆ ಕೈಗೆ. ಸೆಪ್ಟೆಂಬರ್‌ನಲ್ಲಿ ಕಡ್ಡಿಯ ಕಣ್ಣು ಒಡೆದು ಎಲೆ ಬರುತ್ತಿರುತ್ತದೆ ಅಷ್ಟೇ. ಟೂರಿಸ್ಟಿಗೆ ಬೇಸರ. ನಮ್ಮಪ್ಪನಂಥವರಿಗೆ ಅದೇ ನೋಡಬೇಕಾದ್ದು, ಕಡ್ಡಿ ಎಷ್ಟು ಕಣ್ಣಿಗೆ ಕತ್ತರಿಸಿದ್ದಾರೆ, ತಂತಿ ಹೇಗೆ ಎಳೆದಿದ್ದಾರೆ ಅಂತ. ನಾವು ತಲೆ ಎತ್ತರಕ್ಕೆ ತಂತಿ ಮೇಲೆ ಹಬ್ಬಿಸುತ್ತೇವೆ. ಅಲ್ಲಿ ಸಾಲು ಸಾಲಾಗಿ ಬೇಲಿಯ ಹಾಗೆ ನಿಲ್ಲಿಸುತ್ತಾರೆ. ಕೆಲವು ಹಳೇ ತೋಟಗಳಲ್ಲಿ ತಂತಿಯೇ ಇಲ್ಲ, ಗಿಡ ಗಿಡವಾಗಿ ಪೊದೆಯ ಹಾಗೆ ನಿಂತಿರುತ್ತವೆ.

ಅಲ್ಲಿ ಮೊದಲ ಸಲ ದ್ರಾಕ್ಷಿ ಹಿಂಡಿ ವೈನ್ ಮಾಡಿದ್ದು 1659ರ ಫೆಬ್ರವರಿ 2ಕ್ಕೆ, ತಾರೀಕು ಸಮೇತ ಬರೆದಿಟ್ಟಿದ್ದಾರೆ. ಕೇಪ್ ಟೌನ್‌ನಿಂದ 50 ಕಿ.ಮೀ. ದೂರದ ಸ್ಟೆಲೆನ್‌ಬಾಷ್ ಊರು ಹುಟ್ಟಿದ್ದು 1679ರಲ್ಲಿ. ಅಲ್ಲೇ 1925ರಲ್ಲಿ ಒಬ್ಬ ಪ್ರೊಫೆಸರ್ ಎರಡು ತಳಿ ಕೂಡಿಸಿ ಪಿನೊಟಾಜ್ ಅನ್ನುವ ಹೊಸ ತಳಿ ಮಾಡಿದರು. ಪಕ್ಕದ ಫ್ರಾನ್ಶುಕ್‌ಗೆ ದ್ರಾಕ್ಷಿ ಬೇಸಾಯ ಗೊತ್ತಿದ್ದ ಫ್ರೆಂಚ್ ನಿರಾಶ್ರಿತರು 1688ರಲ್ಲಿ ಬಂದು ನೆಲೆ ನಿಂತರು. ಇಲ್ಲಿ ನನ್ನ ಕಟ್ಟುನಿಟ್ಟು ಒಂದೇ. ರುಚಿ ನೋಡುವ ದಿನ ಕಾರು ತೆಗೆಯಲ್ಲ. ಅಲ್ಲಿ ಕಾರು ಓಡಿಸುವವರಿಗೆ 100 ಮಿ.ಲೀ. ರಕ್ತಕ್ಕೆ 50 ಮಿಲಿಗ್ರಾಂ ಆಲ್ಕೋಹಾಲ್ ಮಿತಿ, ನಮ್ಮಲ್ಲಿ 30, ಹಾಗಾಗಿ ಸ್ವಲ್ಪ ನಡೆಯುತ್ತೆ ಬಿಡು ಅನ್ನುವ ಗೆಳೆಯರು ಇದ್ದಾರೆ. ಇರಲಿ. ಫ್ರಾನ್ಶುಕ್‌ನಲ್ಲಿ ತೋಟದಿಂದ ತೋಟಕ್ಕೆ ಕರೆದೊಯ್ಯುವ ವೈನ್ ಟ್ರಾಮ್ ಇದೆ, ಅದನ್ನು ಹತ್ತೋದು. ಅಪ್ಪ ಮುಟ್ಟಲ್ಲ. ಮಗಳಿಗೆ ಟ್ರಾಮ್ ಸಾಕು.

ಸಮುದ್ರದ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ, ಅಂದರೆ ಈಜುವ ಆಸೆ. ಕೇಪ್ ಟೌನ್ ಕಡೆ ನೀರು ಕೊರೆಯುತ್ತದೆ, ಪೆಂಗ್ವಿನ್ ಸುಮ್ನೆ ಬಂದು ಕೂತಿಲ್ಲ. ಪೂರ್ವಕ್ಕೆ ಹೋದಂತೆ ಸ್ವಲ್ಪ ಬೆಚ್ಚಗಾಗುತ್ತದೆ. ನನಗೆ ನಿಲ್ಲಬೇಕು ಅನಿಸಿರುವುದು ಮೊಸೆಲ್ ಬೇಯಲ್ಲಿ. 1488ರಲ್ಲಿ ಪೋರ್ಚುಗೀಸರ ಬಾರ್ತಲೊಮ್ಯು ಡಯಾಸ್ ಇಳಿದ ಜಾಗ. 1497ರ ನವೆಂಬರ್‌ನಲ್ಲಿ ವಾಸ್ಕೋ ಡ ಗಾಮಾ ಅಲ್ಲೇ ತಂಗಿ, ಮುಂದಿನ ಮೇ ತಿಂಗಳಿಗೆ ಕಲ್ಲಿಕೋಟೆ ಮುಟ್ಟಿದ. ನಮ್ಮ ಬೆಳಗಾವಿಯವರು ಭಾನುವಾರ ಹೋಗಿ ಬರುವ ಗೋವಾ 450 ವರ್ಷ ಪೋರ್ಚುಗೀಸರ ಕೈಯಲ್ಲಿ ಉಳಿದಿದ್ದಕ್ಕೆ ದಾರಿ ತೆರೆದ ದಂಡೆ ಅದು.

ರಸ್ತೆ ಭಯ ಬೇಡ. ಸ್ಟಿಯರಿಂಗ್ ಬಲಕ್ಕೆ, ಓಡಿಸೋದು ಎಡಕ್ಕೆ, ನಮ್ಮ ಹಾಗೇ. ದೊಡ್ಡ ಹೆದ್ದಾರಿಯಲ್ಲಿ 120, ಊರೊಳಗೆ 60. ಸಿಗ್ನಲ್‌ಗೆ ಅಲ್ಲಿನವರು ರೋಬೋ ಅನ್ನುತ್ತಾರೆ, ರೋಬೋ ಹತ್ತಿರ ಎಡಕ್ಕೆ ತಿರುಗಿ ಅಂದರೆ ಗೊಂಬೆ ಹುಡುಕಬೇಡಿ. ನನಗೆ ಇಷ್ಟವಾದ ರೂಢಿ ಒಂದಿದೆ. ನಿಧಾನ ಹೋಗುವವರು ಹಳದಿ ಗೆರೆ ದಾಟಿ ಎಡಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಡುತ್ತಾರೆ, ಮುಂದೆ ಹೋದವರು ನಾಲ್ಕೂ ಇಂಡಿಕೇಟರ್ ಒಮ್ಮೆ ಮಿನುಗಿಸಿ ಥ್ಯಾಂಕ್ಸ್ ಹೇಳುತ್ತಾರೆ. ಇದನ್ನು ನಾನು ಬಾಗಲಕೋಟೆ ರಸ್ತೆಯಲ್ಲಿ ಮಾಡಿ ನೋಡಿದೆ. ಹಿಂದಿನ ಲಾರಿಯವ ನನ್ನ ಕಾರು ಕೆಟ್ಟಿದೆ ಅಂದುಕೊಂಡು ನಿಲ್ಲಿಸಿದ.

ಕತ್ತಲಾದ ಮೇಲೆ ಮಾತ್ರ ಓಡಿಸಬೇಡಿ. ರಸ್ತೆಗೆ ದನ ಬರುತ್ತವೆ, ಜನ ನಡೆಯುತ್ತಿರುತ್ತಾರೆ, ಕಳ್ಳತನದ ಭಯವೂ ಇದೆ. ಕಬ್ಬಿನ ಟ್ರ್ಯಾಕ್ಟರ್ ಆದ ಮೇಲೆ ನನಗಂತೂ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕಾಗದ ಪತ್ರ ಬೇಗ ಮುಗಿಸುತ್ತೇನೆ. ವೀಸಾ ಬೇಕು. ಆರ್‌ಟಿಒ ಆಫೀಸಿನಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಮೂಲ ಲೈಸೆನ್ಸೂ ಜೊತೆಗಿರಲಿ. ಬಾಡಿಗೆ ಕಾರಿಗೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ವಿಮೆಯಲ್ಲಿ ಟೈರು, ಗಾಜು, ಕಾರಿನ ತಳ ಸೇರಿದೆಯಾ ಅಂತ ಕೇಳಿ, ಅಡ್ಡೋ ಒಳಗೆ ಜಲ್ಲಿ ರಸ್ತೆಗಳಿವೆ. ಒಂದು ಊರಲ್ಲಿ ಕಾರು ತೆಗೆದುಕೊಂಡು ಇನ್ನೊಂದರಲ್ಲಿ ಬಿಟ್ಟರೆ ಬೇರೆ ಚಾರ್ಜ್ ಹಾಕುತ್ತಾರೆ. ವಿಮಾನ ಇಥಿಯೋಪಿಯಾ, ಕೀನ್ಯಾ ಮೇಲಿಂದ ಹೋಗುತ್ತಿದ್ದರೆ ಹಳದಿ ಜ್ವರದ ಲಸಿಕೆ ಬೇಕಾ ಅಂತ ಮೊದಲೇ ವಿಚಾರಿಸಿ.

ನನ್ನ ಹಾಳೆ ಈಗ ಹೀಗಿದೆ. ಒಟ್ಟು 12 ರಾತ್ರಿ. ಕೇಪ್ ಟೌನ್ ಮೂರು, ಫ್ರಾನ್ಶುಕ್ ಎರಡು, ಹರ್ಮಾನಸ್ ಒಂದು, ಎನ್2 ಮೇಲಿನ ಕರಾವಳಿ ಊರು ನೈಸ್ನಾ ಆಸುಪಾಸು ಎರಡು, ಸಿತ್ಸಿಕಾಮಾ ಕಾಡಿನ ದಂಡೆಯಲ್ಲಿ ಒಂದು, ಅಡ್ಡೋ ಮೂರು. ಅಡ್ಡೋ ಕ್ಯಾಂಪಿನ ಮನೆಗಳಲ್ಲಿ ಅಡುಗೆ ಮಾಡಿಕೊಳ್ಳಲು ಒಲೆ ಇರುತ್ತದೆ, ಅಪ್ಪನ ಚಹಾ ಚಿಂತೆ ಮುಗಿಯಿತು. ಅಲ್ಲಿನವರೂ ಜೋಳ ತಿನ್ನುವವರೇ. ಮಬೆಲೆ ಅಂತಾರೆ, ಗಂಜಿ ಮಾಡುತ್ತಾರೆ. ಅಷ್ಟು ಹೇಳಿದ್ದಕ್ಕೆ ಅಪ್ಪ ಪಾಸ್‌ಪೋರ್ಟ್ ಫೋಟೋಗೆ ಒಪ್ಪಿದರು.

ಎಲ್ಲ ಸರಿ ಹೋಯಿತು ಅಂದುಕೊಂಡಿದ್ದೆ. ಮೊನ್ನೆ ರಾತ್ರಿ ಅಪ್ಪ ನಕ್ಷೆ ಹಿಡಿದುಕೊಂಡು ಕೂತಿದ್ದರು. ಬೆರಳು ಎನ್2 ಮೇಲೆ ಇರಲಿಲ್ಲ. ಎಲ್ಲೋ ಮೇಲೆ, ಆರೆಂಜ್ ನದಿ ಹತ್ತಿರ, ಅಪಿಂಗ್ಟನ್ ಅನ್ನುವ ಊರ ಮೇಲೆ. "ಇಲ್ಲಿ ಒಣದ್ರಾಕ್ಷಿ ಮಾಡ್ತಾರಂತಲ್ಲೋ, ನೀ ಯಾಕ ಹೇಳಲಿಲ್ಲ?" ನಿಜ. ಆ ದೇಶದ ಒಣದ್ರಾಕ್ಷಿ ಸೀಮೆ ಅದೇ. ನಮ್ಮದೇ ಥಾಮ್ಸನ್ ತಳಿ ಅಲ್ಲೂ ಇದೆ. ನಾವು ನೆರಳಿನ ಶೆಡ್ಡಿನಲ್ಲಿ ಬಲೆ ಮೇಲೆ ಹರಡಿ ಹದಿನೈದು ದಿನ ಕಾಯುತ್ತೇವೆ, ಅವರು ಬಿಸಿಲಲ್ಲೇ ಒಣಗಿಸುತ್ತಾರೆ. ಸೆಪ್ಟೆಂಬರ್‌ನಲ್ಲಿ ಅದೂ ಇರಲ್ಲ ಅಂದೆ. "ಮಾಡೂ ಜಾಗಾ ಇರ್ತೈತಲ್ಲ" ಅಂದರು.

ಕೇಪ್ ಟೌನ್‌ನಿಂದ ಸುಮಾರು 800 ಕಿ.ಮೀ. ಅದೂ ಉತ್ತರಕ್ಕೆ, ನನ್ನ ದಾರಿಗೆ ಪೂರ್ತಿ ಬೇರೆ ದಿಕ್ಕು. ದೂರ ಅಂತ ಕ್ರೂಗರ್ ಬಿಡಿಸಿದವನು ನಾನು, ಇಷ್ಟೊತ್ತು ನಿಮಗೆ ಉಪದೇಶ ಮಾಡಿದವನೂ ನಾನೇ. ಆದರೂ ಅಪಿಂಗ್ಟನ್ ಅಂತ ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ನಿಮ್ಮಲ್ಲಿ ಯಾರಾದರೂ ಆ ಕಡೆ ಕಾರು ಓಡಿಸಿದ್ದರೆ ಒಂದು ಹೇಳಿ. ಎಪ್ಪತ್ತು ದಾಟಿದವರನ್ನು ಕರೆದುಕೊಂಡು ಹೋಗುವಾಗ ನಡುವೆ ರಾತ್ರಿ ತಂಗೋಕೆ ಒಳ್ಳೆ ಊರು ಯಾವುದು?